ಜೀನ್ ಟೆಸ್ಟ್‌ನಲ್ಲಿ ಏನೂ ಸಿಗಲಿಲ್ಲ. ಅಪ್ಪನ ಪಾರ್ಕಿನ್ಸನ್‌ಗೆ ಜಿಗಿಯುವ ಡಿಎನ್‌ಎ ಕಾರಣವಿರಬಹುದೇ?

ನೀವು ಕೊಟ್ಟ ವಿವರ: ಊರು ಜಗಳೂರು ಕಡೆ. ಅಪ್ಪನಿಗೆ 38ಕ್ಕೇ ನಡುಕ ಶುರುವಾಗಿ ಈಗ 52. ಅಜ್ಜ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು, ಅಜ್ಜಿ ಇನ್ನೂ ಇದ್ದಾರೆ. ಎಕ್ಸೋಮ್ ಟೆಸ್ಟ್ (ಜೀನುಗಳಲ್ಲಿ ಪ್ರೋಟೀನ್ ಬರಹ ಇರುವ ಭಾಗಗಳನ್ನಷ್ಟೇ ಓದುವ ಟೆಸ್ಟ್) ರಿಪೋರ್ಟ್ "ಏನೂ ಸಿಗಲಿಲ್ಲ" ಅಂದಿದೆ. ಇನ್ನೊಂದು ಟೆಸ್ಟ್ ಬೇಕೇ ಎಂದು ಕೇಳಿದ್ದೀರಿ. ಬೇಕು. ಆದರೆ ಮೊದಲು ಹುಡುಕಬೇಕಾದ್ದು ಜಿಗಿಯುವ ಡಿಎನ್‌ಎಯನ್ನಲ್ಲ, ಪಾರ್ಕಿನ್ ಜೀನಿನಲ್ಲಿ ಕಳೆದುಹೋಗಿರಬಹುದಾದ ತುಂಡನ್ನು.

ಜಿಗಿಯುವ ಡಿಎನ್‌ಎ, ಅಂದರೆ ಜಾಗ ಬಿಟ್ಟು ಅಥವಾ ನಕಲಾಗಿ ಡಿಎನ್‌ಎಯ ಬೇರೆ ಕಡೆ ಹೋಗಿ ಕೂರುವ ತುಣುಕು, ಮೊದಲು ಕಂಡಿದ್ದು ನಿಮ್ಮ ಕಡೆಯ ಬೆಳೆಯಲ್ಲೇ, ಮೆಕ್ಕೆಜೋಳದಲ್ಲಿ. ಒಂದೇ ತೆನೆಯ ಕಾಳುಗಳ ಮೇಲೆ ಚುಕ್ಕೆ ಯಾಕೆ ಬರುತ್ತವೆ ಎಂದು 1940ರ ದಶಕದಲ್ಲಿ ಹುಡುಕುತ್ತಿದ್ದ ಬಾರ್ಬರಾ ಮೆಕ್‌ಕ್ಲಿಂಟಾಕ್, ಬಣ್ಣದ ಜೀನಿನೊಳಗೆ ಒಂದು ತುಣುಕು ಬಂದು ಕೂತರೆ ಬಣ್ಣ ಹೋಗುತ್ತದೆ, ಎದ್ದು ಹೋದರೆ ಮರಳುತ್ತದೆ ಎಂದು ತೋರಿಸಿದರು. 1983ರಲ್ಲಿ ನೊಬೆಲ್ ಬಂತು. ಮನುಷ್ಯರ ಡಿಎನ್‌ಎಯ ಹತ್ತಿರಹತ್ತಿರ ಅರ್ಧದಷ್ಟು ಇಂಥ ತುಣುಕುಗಳಿಂದಲೇ ಬಂದದ್ದು. ಅವುಗಳಲ್ಲಿ ಇಲ್ಲಿ ಮುಖ್ಯವಾದವು ಲೈನ್-1, ಅಲು, ಎಸ್‌ವಿಎ ಎಂಬ ಮೂರು ಬಗೆ. ಲೈನ್-1 ಸುಮಾರು 5 ಲಕ್ಷ ಪ್ರತಿಗಳಿವೆ, ಅದರಲ್ಲಿ ಇನ್ನೂ ನಕಲು ಮಾಡಿಕೊಳ್ಳಬಲ್ಲವು 80ರಿಂದ 100 ಮಾತ್ರ. 300 ಅಕ್ಷರದ (ಡಿಎನ್‌ಎ ಬರಹದ ಒಂದೊಂದು ಘಟಕವೇ ಒಂದು ಅಕ್ಷರ) ಅಲು 10 ಲಕ್ಷಕ್ಕೂ ಹೆಚ್ಚಿವೆ. ಎಸ್‌ವಿಎ ಕೆಲವೇ ಸಾವಿರ.

ಪಾರ್ಕಿನ್ಸನ್ ತರಹದ ಕಾಯಿಲೆಗೆ ಇಂಥ ತುಣುಕೇ ಕಾರಣ ಎಂಬುದಕ್ಕೆ ಅತಿ ಗಟ್ಟಿ ಪುರಾವೆ ಫಿಲಿಪೈನ್ಸ್‌ನ ಪನಾಯ್ ದ್ವೀಪದ್ದು. ಅಲ್ಲಿನ ಮೂಲದ ಕುಟುಂಬಗಳಲ್ಲಿ ಈ ಕಾಯಿಲೆ ಬಂದ ಗಂಡಸರಲ್ಲಿ, ಎಕ್ಸ್ ಕ್ರೋಮೋಸೋಮಿನ ಟಿಎಎಫ್1 ಜೀನಿನ 32ನೇ ಇಂಟ್ರಾನ್‌ನಲ್ಲಿ, ಅಂದರೆ ಪ್ರೋಟೀನ್ ಬರಹವಿಲ್ಲದ ನಡುವಿನ ಭಾಗದಲ್ಲಿ, ಸುಮಾರು 2,600 ಅಕ್ಷರದ ಒಂದು ಎಸ್‌ವಿಎ ಕೂತಿದೆ. ಅದರೊಳಗೆ ಆರು ಅಕ್ಷರದ ಒಂದು ಪದ ಮತ್ತೆ ಮತ್ತೆ ಬರುತ್ತದೆ. ಅದು ಹೆಚ್ಚು ಸಲ ಬಂದಷ್ಟೂ ಕಾಯಿಲೆ ಬೇಗ ಶುರು. ರೋಗಿಗಳ ಜೀವಕೋಶದಿಂದ ಆ ತುಣುಕನ್ನು ಕತ್ತರಿಸಿ ತೆಗೆದಾಗ ಜೀನ್ ಮತ್ತೆ ಸರಿಯಾಗಿ ಕೆಲಸ ಮಾಡಿತು ಎಂದು 2018ರಲ್ಲಿ ಪ್ರಕಟವಾಯಿತು. ಜೊತೆಗೆ ಇರುವುದಕ್ಕೂ ಕಾರಣವಾಗುವುದಕ್ಕೂ ಇರುವ ಅಂತರವನ್ನು ಆ ಪ್ರಯೋಗ ದಾಟಿತು, ಅದಕ್ಕೇ ನನಗೆ ಅದರ ಮೇಲೆ ಅಷ್ಟು ಭರವಸೆ. ಆದರೆ ಆ ತುಣುಕು ಒಬ್ಬ ಪೂರ್ವಜನಿಂದ ಇಳಿದು ಬಂದದ್ದು. ಫಿಲಿಪೈನ್ಸ್ ನಂಟಿಲ್ಲದ ನಿಮ್ಮ ಮನೆಯಲ್ಲಿ ಅದನ್ನು ಹುಡುಕುವುದು ದುಡ್ಡು ದಂಡ.

ಸಾಮಾನ್ಯ ಪಾರ್ಕಿನ್ಸನ್‌ನಲ್ಲಿ ಚಿತ್ರ ಇಷ್ಟು ಸ್ಪಷ್ಟವಿಲ್ಲ. ಕೆಲವು ಎಸ್‌ವಿಎ ಇರುವವರಿಗೂ ಇಲ್ಲದವರಿಗೂ ಕಾಯಿಲೆ ಮುಂದುವರಿಯುವ ವೇಗದಲ್ಲಿ ವ್ಯತ್ಯಾಸ ಕಂಡಿದೆ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಡೋಪಮೈನ್ ನರಕೋಶಗಳು; ಇಲಿಗಳಲ್ಲಿ ಅವಕ್ಕೆ ಆಕ್ಸಿಡೇಟಿವ್ ಒತ್ತಡ (ಜೀವಕೋಶ ಕೆಡಿಸುವ ರಾಸಾಯನಿಕ ಹೊರೆ) ಬಿದ್ದಾಗ ಲೈನ್-1 ಎಚ್ಚೆತ್ತು ಡಿಎನ್‌ಎ ಎಳೆ ಮುರಿದದ್ದೂ ಕಂಡಿದೆ. ಮಿದುಳಿನಲ್ಲಿ ಹಾಗೆ ಹೊಸದಾಗಿ ಜಿಗಿದದ್ದು ರಕ್ತದ ಟೆಸ್ಟ್‌ನಲ್ಲಿ ಸಿಗುವುದಿಲ್ಲ. ಲೈನ್-1 ತಡೆಯುತ್ತದೆ ಎಂದು ಯಾರಾದರೂ ಎಚ್‌ಐವಿ ಮಾತ್ರೆ ಹೇಳಿದರೆ ದಯವಿಟ್ಟು ಕೊಡಬೇಡಿ.

ಈಗ ನಿಮ್ಮ ರಿಪೋರ್ಟ್. 40ರೊಳಗೆ ಶುರು, ರೋಗಿಯ ಅಪ್ಪ-ಅಮ್ಮ ರಕ್ತಸಂಬಂಧಿಗಳು ಎಂದರೆ ಮೊದಲ ಅನುಮಾನ ಪಾರ್ಕಿನ್ ಮೇಲೆ, ಆಮೇಲೆ ಪಿಂಕ್1, ಡಿಜೆ-1. ಈ ಜೀನುಗಳಲ್ಲಿ ಅಪ್ಪ-ಅಮ್ಮ ಇಬ್ಬರಿಂದ ಬಂದ ಎರಡೂ ಪ್ರತಿ ಕೆಟ್ಟಿದ್ದರೆ ಕಾಯಿಲೆ, ಒಂದೇ ಕೆಟ್ಟಿದ್ದರೆ ಬರೀ ವಾಹಕ. ಸೋದರಮಾವ-ಸೊಸೆಯ ಮಕ್ಕಳಲ್ಲಿ ಸರಾಸರಿ ಎಂಟನೇ ಒಂದು ಪಾಲು ಡಿಎನ್‌ಎ ಎರಡೂ ಕಡೆಯಿಂದ ಒಂದೇ ಪ್ರತಿ ಬಂದಿರುತ್ತದೆ. ಕಾಯಿಲೆ ನಿಧಾನ, ಸ್ವಲ್ಪ ಲೆವೊಡೋಪಾ ಮಾತ್ರೆಗೇ ಚೆನ್ನಾಗಿ ಸ್ಪಂದನೆ, ಕಾಲ್ಬೆರಳು ಸೆಟೆಯುವುದು ಇದ್ದರೆ ಅನುಮಾನ ಇನ್ನೂ ಗಟ್ಟಿ. ಪಾರ್ಕಿನ್‌ಗೆ 12 ಎಕ್ಸಾನ್‌ಗಳಿವೆ, ಅಂದರೆ ಪ್ರೋಟೀನ್ ಬರಹದ ತುಂಡುಗಳು. ಜೀನ್ ಕೂತಿರುವ ಜಾಗವೇ ಸುಲಭವಾಗಿ ಮುರಿಯುವಂಥದ್ದು, ಹಾಗಾಗಿ ಇಡೀ ಎಕ್ಸಾನ್ ಹೋಗುವುದು ಇಲ್ಲಿ ಮಾಮೂಲು. ಎಕ್ಸೋಮ್ ಲ್ಯಾಬ್ ಅಕ್ಷರ ಬದಲಾವಣೆಯನ್ನಷ್ಟೇ ಪಟ್ಟಿ ಮಾಡಿದ್ದರೆ ಇದು ಅದರಲ್ಲಿ ಬರುವುದಿಲ್ಲ.

ಲ್ಯಾಬ್‌ಗೆ ಬರೆದು ಕಚ್ಚಾ ಡೇಟಾ ಕೇಳಿ, ಬ್ಯಾಮ್ ಫೈಲ್ ಅಂತ ಹೆಸರು ಹಿಡಿದೇ ಕೇಳಿ. ಪಾರ್ಕಿನ್‌ನ ಪ್ರತಿ ಎಕ್ಸಾನ್‌ಗೂ ಕವರೇಜ್ (ಆ ಜಾಗವನ್ನು ಎಷ್ಟು ಸಲ ಓದಲಾಗಿದೆ) ಎಷ್ಟು ಎಂದು ಬರೆಸಿಕೊಳ್ಳಿ. ಒಂದು ಎಕ್ಸಾನ್‌ನಲ್ಲಿ ಸೊನ್ನೆ, ಅಕ್ಕಪಕ್ಕ ಸರಿಯಾಗಿದ್ದರೆ ಅಲ್ಲೇ ಸುಳಿವು. ಏನೇ ಬಂದರೂ ಪಾರ್ಕಿನ್ಸನ್ ಎಂಎಲ್‌ಪಿಎ ಮಾಡಿಸಿ. ಎಕ್ಸಾನ್ ಎಷ್ಟು ಪ್ರತಿ ಇದೆ ಎಂದು ಎಣಿಸುವ ಟೆಸ್ಟ್ ಅದು. ಎರಡು ಕಡೆ ಎಡವುತ್ತಾರೆ. ಒಂದೇ ಎಕ್ಸಾನ್ ಹೋಗಿದೆ ಎಂದು ಬಂದರೆ ನಂಬಬೇಡಿ, ಪ್ರೋಬ್ (ಎಕ್ಸಾನ್ ಗುರುತಿಸಲು ಅಂಟಿಸುವ ಸಣ್ಣ ಡಿಎನ್‌ಎ ತುಂಡು) ಕೂರುವ ಜಾಗದಲ್ಲಿ ಒಂದು ಅಕ್ಷರ ಬೇರೆ ಇದ್ದರೂ ಹಾಗೆ ಕಾಣುತ್ತದೆ. ಬೇರೆ ವಿಧಾನದಲ್ಲಿ ಖಚಿತ ಮಾಡಿಸಿ. ಇನ್ನೊಂದು, 3 ಮತ್ತು 4ನೇ ಎಕ್ಸಾನ್ ಎರಡೂ ಒಂದೊಂದು ಪ್ರತಿ ಕಡಿಮೆ ಎಂದು ಬಂದರೆ ಎರಡೂ ಒಂದೇ ಕ್ರೋಮೋಸೋಮಿನಿಂದ ಹೋಗಿರಬಹುದು, ಆಗ ಅಪ್ಪ ಬರೀ ವಾಹಕ. ಇಲ್ಲವೇ 3 ಒಂದರಿಂದ, 4 ಇನ್ನೊಂದರಿಂದ ಹೋಗಿರಬಹುದು, ಆಗ ಅದೇ ಕಾಯಿಲೆಗೆ ಕಾರಣ. ಇದನ್ನು ಬಿಡಿಸಲು ಅಜ್ಜಿಯ ರಕ್ತ ಬೇಕು.

ಇದರಲ್ಲೂ ಏನೂ ಸಿಗದಿದ್ದರೆ ಆಗ ಪೂರ್ತಿ ಜೀನೋಮ್, ಅದೂ ಲಾಂಗ್-ರೀಡ್, ಅಂದರೆ ಡಿಎನ್‌ಎಯನ್ನು ಉದ್ದುದ್ದ ಎಳೆಯಾಗಿ ಓದುವುದು. ಮಾಮೂಲಿ ವಿಧಾನದ 150 ಅಕ್ಷರದ ಚೂರುಗಳಿಂದ 2,000 ಅಕ್ಷರದ ಎಸ್‌ವಿಎಯ ಅಂಚು ಮಾತ್ರ ಸಿಗುತ್ತದೆ, ಒಳಗೆ ಎಷ್ಟು ಪುನರಾವರ್ತನೆ ಇದೆ ಎಂದು ಎಣಿಸಲಾಗುವುದಿಲ್ಲ.

ದಾವಣಗೆರೆಯಿಂದಲೇ ಸ್ಯಾಂಪಲ್ ಬೆಂಗಳೂರಿಗೆ ಕಳಿಸಬಹುದು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲಿ 3-4 ಎಂಎಲ್ ಸಾಕು. ತೆಗೆದ ಕೂಡಲೇ ಟ್ಯೂಬನ್ನು ಮೆಲ್ಲಗೆ ಎಂಟು-ಹತ್ತು ಸಲ ಬೋರಲು ಮಾಡಿಸಿ, ಕುಲುಕಿಸಬೇಡಿ. ಲಾಂಗ್-ರೀಡ್‌ಗೆ ಉದ್ದನೆಯ ಎಳೆ ಮುರಿಯಬಾರದು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡ, ಡಿಎನ್‌ಎ ನಕಲು ಮಾಡುವ ಪಿಸಿಆರ್ ಹಂತ ಕೆಡುತ್ತದೆ. ಅಪ್ಪನ ಟ್ಯೂಬ್ ಜೊತೆಗೇ ಅಜ್ಜಿಯದನ್ನೂ ಬೇರೆ ಹೆಸರು ಹಚ್ಚಿ ಕಳಿಸಿ.