ಚೌಕಗಳ ಮೂಲೆ ಕೂಡುತ್ತಲೇ ಇಲ್ಲ, ಎಲ್ಲಾ ಬಿಚ್ಚಲೇ?

ಪ್ರಶ್ನೆ: ಅಮ್ಮನ ಹಳೇ ಕಾಟನ್ ಸೀರೆ ಮತ್ತು ಮನೆಯಲ್ಲಿದ್ದ ಹೊಸ ಬ್ಲೌಸ್ ಪೀಸ್‌ಗಳಿಂದ ತಂಗಿಯ ಮಗುವಿಗೆ ಹೊದಿಕೆ ಹೊಲಿಯುತ್ತಿದ್ದೇನೆ. ಇದೇ ಮೊದಲ ಸಲ. 5 ಇಂಚಿನ ಚೌಕ ಕತ್ತರಿಸಿ, ಸಾಲಿಗೆ 8ರಂತೆ ಮಿಷಿನ್‌ನಲ್ಲಿ ಜೋಡಿಸಿದೆ. ಈಗ ನೋಡಿದರೆ ಒಂದು ಸಾಲು ಉದ್ದ, ಒಂದು ಗಿಡ್ಡ. ಮೂಲೆಗಳು ಕೂಡುತ್ತಿಲ್ಲ. ಎಲ್ಲಾ ಬಿಚ್ಚಿ ಮೊದಲಿನಿಂದ ಶುರು ಮಾಡಲೇ?
– ಓದುಗರು, ಧಾರವಾಡ

ಉತ್ತರ: ದಯವಿಟ್ಟು ಎಲ್ಲಾ ಬಿಚ್ಚಬೇಡಿ. ಹಳೇ ಸೀರೆ ಸವೆದಿರುತ್ತದೆ. ಪದೇ ಪದೇ ಬಿಚ್ಚಿದರೆ ಹೊಲಿಗೆ ಇದ್ದ ಜಾಗದಲ್ಲೇ ಪಿಸಿಯುತ್ತದೆ.

ಟೇಪ್ ಹಿಡಿದು ಒಂದೊಂದೇ ಸಾಲು ಅಳೆಯಿರಿ. ಕಾಲು ಇಂಚು ಮಾರ್ಜಿನ್ ಬಿಟ್ಟು ಹೊಲಿದಿದ್ದರೆ 8 ಚೌಕದ ಸಾಲು 36½ ಇಂಚು ಬರಬೇಕು. ಒಂದು ನೂಲಿನಷ್ಟು ತಪ್ಪಿದರೆ ಏನಾಗುತ್ತೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಮಾರ್ಜಿನ್ ಇಂಚಿನ 16ನೇ ಒಂದು ಭಾಗ ಜಾಸ್ತಿಯಾದರೆ, ಎರಡೂ ಬದಿ ಸೇರಿ ಒಂದು ಜೋಡಣೆಯಲ್ಲಿ 8ನೇ ಒಂದು ಭಾಗ ಹೋಯಿತು. ಸಾಲಿನಲ್ಲಿ 7 ಜೋಡಣೆ. ಮುಕ್ಕಾಲು ಇಂಚಿಗಿಂತ ಜಾಸ್ತಿ ಗಿಡ್ಡ!

ಬಹಳ ಜನ ಸೂಜಿಯ ಹತ್ತಿರ ಬಟ್ಟೆ ಒತ್ತಿ ಹಿಡಿಯುವ ಮಿಷಿನ್ ಪಾದದ ಅಂಚನ್ನೇ ಕಾಲು ಇಂಚು ಅಂದುಕೊಳ್ಳುತ್ತಾರೆ. ಎಲ್ಲಾ ಪಾದವೂ ಹಾಗಿರುವುದಿಲ್ಲ. ಒಂದೂವರೆ ಇಂಚು ಅಗಲದ 3 ಪಟ್ಟಿ ಪಕ್ಕಪಕ್ಕ ಜೋಡಿಸಿ, ಇಸ್ತ್ರಿ ಒತ್ತಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಕಾಣಬೇಕು. ಕಡಿಮೆ ಬಂದರೆ ಮಾರ್ಜಿನ್ ಜಾಸ್ತಿ ಹೋಗುತ್ತಿದೆ. ಸೂಜಿಯಿಂದ ಕಾಲು ಇಂಚು ಅಳೆದು ಮಿಷಿನ್ ತಟ್ಟೆಯ ಮೇಲೆ ಟೇಪ್ ಅಂಟಿಸಿಕೊಳ್ಳಿ, ಅದರ ಗುಂಟ ಹೊಲಿಯಿರಿ.

ಕಾಲು ಇಂಚಿನೊಳಗೆ ವ್ಯತ್ಯಾಸವಿರುವ ಸಾಲುಗಳನ್ನು ಹಾಗೇ ಬಿಡಿ. ಮೊದಲು ಮೂಲೆ ಮೂಲೆಗೆ ಗುಂಡುಪಿನ್ನು ಚುಚ್ಚಿ. ಉದ್ದವಾದ ಸಾಲು ಕೆಳಗೆ ಬರಲಿ, ಕೆಳಗಿನಿಂದ ಬಟ್ಟೆ ಸರಿಸುವ ಮಿಷಿನ್ನಿನ ಹಲ್ಲು ಆ ಹೆಚ್ಚುವರಿ ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ತಪ್ಪಿದ ಸಾಲನ್ನು ಮಾತ್ರ ಬಿಚ್ಚಿ. ಪಿನ್ನು ಚುಚ್ಚುವ ಮೊದಲೇ ಇಸ್ತ್ರಿ ಮಾಡಿ, ಒಂದು ಸಾಲಿನ ಮಾರ್ಜಿನ್ ಎಡಕ್ಕೆ, ಮುಂದಿನದ್ದು ಬಲಕ್ಕೆ ಮಡಚಿ. ಆಗ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಬೆರಳಿಟ್ಟರೆ ಗೊತ್ತಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಎಳೆಯಬೇಡಿ, ಇಟ್ಟು ಎತ್ತಿ. ಎಳೆದರೆ ಚೌಕ ಓರೆಯಾಗುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿ, ಅಂದರೆ ಕೌದಿ, ನೋಡಿದ್ದೀರಾ? ನನಗೆ ಅದರ ಮೇಲೆ ತುಂಬಾ ಪ್ರೀತಿ. ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಉಳಿದ ಜಾಗಕ್ಕೆ ಹೊಂದುವ ತುಂಡನ್ನೇ ಮಡಚಿ ಇಡುತ್ತಾರೆ. ಹಾಗಾಗಿ ಒಂದು ತುಂಡು ಹೆಚ್ಚುಕಡಿಮೆಯಾದರೂ ಮುಂದಿನದ್ದು ಸರಿ ಮಾಡಿಬಿಡುತ್ತದೆ. ನೀವು ಆರಿಸಿದ ಚೌಕದ ಕ್ರಮದಲ್ಲಿ ತಪ್ಪು ಕೂಡುತ್ತಾ ಹೋಗುತ್ತದೆ. ನಿಮ್ಮ ಕೈ ಕೆಟ್ಟದ್ದು ಅಂತ ಬೇಜಾರು ಬೇಡ, ಈ ಕ್ರಮ ಅಳತೆ ಕೇಳುತ್ತದೆ ಅಷ್ಟೇ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಅಮ್ಮನ ಸೀರೆ ಎಷ್ಟೋ ಸಲ ನೀರು ಕಂಡಿದೆ. ಬ್ಲೌಸ್ ಪೀಸ್ ಕಂಡಿಲ್ಲ, ಅಲ್ವಾ? ಅದು ಕುಗ್ಗಬಹುದು, ಬಣ್ಣವನ್ನೂ ಬಿಡಬಹುದು. ಉಳಿದ ಚೂರಿನಲ್ಲಿ 5 ಇಂಚಿನ ಚೌಕ ಕತ್ತರಿಸಿ, ಬಿಳಿ ಬಟ್ಟೆಯ ಜೊತೆ ಒಗೆದು, ಒಣಗಿದ ಮೇಲೆ ಅಳೆಯಿರಿ. ಕುಗ್ಗಿದರೆ ಅಥವಾ ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ, ಆ ಬಟ್ಟೆಯ ಚೌಕಗಳನ್ನು ಮಾತ್ರ ಈಗಲೇ ಬದಲಿಸಿ. ಸಾಲುಗಳು ಬಿಡಿಯಾಗಿರುವಾಗ ಅದು ಸುಲಭದ ಕೆಲಸ.