ಎಡಗಾಲು ಮುಂದೋ, ಬಲಗಾಲು ಮುಂದೋ? ಬಾಕ್ಸಿಂಗ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಎಡಗಾಲು ಮುಂದಿಟ್ಟ ಆರ್ಥೊಡಾಕ್ಸ್ ನಿಲುವಿನಿಂದ ಬಲಗಾಲು ಮುಂದಿಟ್ಟ ಸೌತ್‌ಪಾ ನಿಲುವಿಗೆ ಹೋಗುವುದು, ಮತ್ತೆ ವಾಪಸ್ ಬರುವುದು ಹೇಗೆ? ಐದು ಪ್ರಶ್ನೆ ಆರಿಸಿದ್ದೇವೆ.

ಪ್ರಶ್ನೆ: ಎರಡು ವರ್ಷದಿಂದ ಆರ್ಥೊಡಾಕ್ಸ್‌ನಲ್ಲಿ ಆಡುತ್ತಿದ್ದೇನೆ. ಕನ್ನಡಿ ಮುಂದೆ ಸೌತ್‌ಪಾಗೆ ಸಲೀಸಾಗಿ ಬದಲಾಗುತ್ತೇನೆ. ಸ್ಪಾರಿಂಗ್‌ಗೆ (ಜೊತೆಗಾರನೊಡನೆ ಅಭ್ಯಾಸದ ಆಟಕ್ಕೆ) ಇಳಿದರೆ ಸರಿಯಾಗಿ ಬದಲಾಗುವ ಹೊತ್ತಿಗೇ ಏಟು ಬೀಳುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗ, ಶಿರಾ ಗೇಟ್, ತುಮಕೂರು

ಉತ್ತರ: ಕಾಲಿನಲ್ಲಿ. ಹಿಂದಿನ ಕಾಲು ಮುಂದೆ ಬರುವಾಗ ಒಂದು ಗಳಿಗೆ ಎರಡೂ ಪಾದ ಅಕ್ಕಪಕ್ಕ ಒಂದೇ ಸಾಲಿಗೆ ಬರುತ್ತವೆ. ಆಗ ಎದೆ ಪೂರ್ತಿ ಎದುರಾಳಿಗೆ ತೆರೆದಿರುತ್ತದೆ, ಹಿಂದಕ್ಕೆ ಆನಿಕೆಯೂ ಇರುವುದಿಲ್ಲ. ಸಾಧಾರಣ ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ತಗುಲಿದರೂ ಕೂತುಬಿಡುತ್ತೀರಿ. ಪಂಚ್ ತಗುಲಿ, ಪಾದ ಬಿಟ್ಟು ಮೈಯ ಬೇರೆ ಯಾವುದೇ ಭಾಗ ನೆಲ ಮುಟ್ಟಿದರೆ ರೆಫರಿ ಎಂಟರವರೆಗೆ ಎಣಿಸುತ್ತಾರೆ. ಏಟು ಜೋರಿತ್ತೋ ಇಲ್ಲವೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಹಾಗಾಗಿ ಎದುರಾಳಿಯ ಕೈಗೆ ಸಿಗುವ ದೂರದಲ್ಲಿ ನಿಂತು, ಬರಿದೇ ಕಾಲು ಬದಲಿಸಬಾರದು. ಎರಡೂ ಪಾದ ಎತ್ತಿ ಜಿಗಿದು ಬದಲಾಗುವುದಂತೂ ನೋಡಲಷ್ಟೇ ಚೆಂದ. ಬದಲಾಗಲು ಎರಡು ದಾರಿ ನೆಚ್ಚಿಕೊಳ್ಳಬಹುದು.

ಹಿಂದೆ ಸರಿಯುತ್ತಾ ಬದಲಾಗುವುದು ಮೊದಲನೆಯದು, ಕಲಿಯಲು ಸುಲಭವಾದದ್ದೂ ಇದೇ. ಎದುರಾಳಿ ನುಗ್ಗಿ ಬರುವಾಗ ಮುಂದಿನ ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಎಳೆದುಕೊಳ್ಳಿ. ನಿಮ್ಮ ತಲೆ ಸುಮಾರು ಒಂದು ಹೆಜ್ಜೆಯಷ್ಟು ಹಿಂದೆ ಹೋಗುವುದರಿಂದ ಅವನ ಜ್ಯಾಬ್ ಗಾಳಿಗೆ ಹೋಗುತ್ತದೆ. ಅದೇ ವೇಳೆಗೆ ನಿಮ್ಮ ಬಲಗೈ ಮುಂದಿನ ಕೈಯಾಗಿರುತ್ತದೆ. ಅವನು ತಾನಾಗಿಯೇ ಆ ಬಲಗೈಯ ಜ್ಯಾಬ್ ಮೇಲೆ ಬಂದು ಬೀಳುತ್ತಾನೆ.

ಎರಡನೆಯದು ಬಲಗೈ ಕ್ರಾಸ್‌ನ, ಅಂದರೆ ಹಿಂದಿನ ಕೈಯ ನೇರ ಪಂಚ್‌ನ, ಮರೆಯಲ್ಲಿ ನುಗ್ಗುವುದು. ಕ್ರಾಸ್ ಹೋದ ಹಿಂದೆಯೇ ಬಲಗಾಲು ಹೊರಡಲಿ. ನೇರ ಮುಂದಕ್ಕಲ್ಲ, ಬಲಕ್ಕೆ ಓರೆಯಾಗಿ ಹೋಗಿ ಎದುರಾಳಿಯ ಎಡಪಾದದ ಹೊರಗೆ ಊರಬೇಕು. ಅಲ್ಲಿ ಊರಿದರೆ ನಿಮ್ಮ ಎಡಗೈ ನೇರ ಪಂಚ್‌ಗೆ ಅವನ ಗದ್ದ ಸಿಗುತ್ತದೆ, ಅವನ ಬಲಗೈ ದೂರವಾಗುತ್ತದೆ. ಒಳಗೆ ಊರಿದರೋ, ಪಾದದ ಮೇಲೆ ಪಾದ ಬಿದ್ದು, ತಲೆಗೆ ತಲೆ ಡಿಕ್ಕಿಯಾಗಿ ಹುಬ್ಬು ಒಡೆಯುವುದು ಇಲ್ಲೇ. ಬದಲಾದ ಮೇಲೂ ನಿಮ್ಮ ಬಲಕ್ಕೇ ಸುತ್ತಿ, ಅವನ ಎಡಗೈ ಹುಕ್ (ಪಕ್ಕದಿಂದ ಬಾಗಿ ಬರುವ ಪಂಚ್) ಮೇಲೊಂದು ಕಣ್ಣಿಟ್ಟು.

ಅಭ್ಯಾಸಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಉದ್ದ ಗೆರೆ ಎಳೆಯಿರಿ. ಆರ್ಥೊಡಾಕ್ಸ್‌ನಲ್ಲಿರಲಿ, ಸೌತ್‌ಪಾನಲ್ಲಿರಲಿ, ಎಡಪಾದ ಗೆರೆಯ ಎಡಕ್ಕೆ, ಬಲಪಾದ ಬಲಕ್ಕೆ, ನಡುವೆ ಭುಜದಗಲ ಜಾಗ. ಬದಲಾದ ಕೂಡಲೇ ಹಾಗೇ ನಿಂತು ಕೆಳಗೆ ನೋಡಿ. ಎರಡೂ ಪಾದ ಗೆರೆಯ ಮೇಲೇ ಇದ್ದರೆ ಹಗ್ಗದ ಮೇಲೆ ನಿಂತಂತೆ. ಪಕ್ಕದಿಂದ ಬಂದ ಹುಕ್ ಒಂದೇ ಸಾಕು. ಮೊದಲ ಎರಡು ವಾರ ಕೈ ಮುಚ್ಚಿಕೊಂಡು ಕಾಲಷ್ಟೇ, ಮೂರು ನಿಮಿಷದ ಎರಡು ರೌಂಡ್. ಆಮೇಲೆ ಎರಡು ವಾರ ಜೊತೆಗಾರ ಕೈಯಲ್ಲಿ ಹಿಡಿದ ಪ್ಯಾಡ್ ಮೇಲೆ. ಅದಾದ ಮೇಲೆ ಜೊತೆಗಾರ ಬರೀ ಜ್ಯಾಬ್ ಹಾಕುವಂಥ ಸ್ಪಾರಿಂಗ್. ಪೂರಾ ಸ್ಪಾರಿಂಗ್‌ಗೆ ಅವಸರ ಬೇಡ.

ಇನ್ನೊಂದು ಕಾಯಿಲೆ ನಿಮ್ಮಲ್ಲೂ ಇರಬಹುದು. ಎಡಗೈಗೆ ಎರಡು ವರ್ಷದಿಂದ ಜ್ಯಾಬ್ ಹಾಕಿ ತುಸು ಕೆಳಗೆ ಬಂದು ನಿಲ್ಲುವ ರೂಢಿ. ಸೌತ್‌ಪಾನಲ್ಲಿ ಅದೇ ಕೈ ಎಡದವಡೆ ಕಾಯಬೇಕು, ಎದುರಾಳಿಯ ಬಲಗೈ ಬರುವುದೂ ಅದೇ ದವಡೆಗೆ. ಮಡಿಸಿದ ಕರವಸ್ತ್ರವೊಂದನ್ನು ಎಡಮುಷ್ಟಿ ಮತ್ತು ದವಡೆಯ ನಡುವೆ ಒತ್ತಿ ಹಿಡಿದು, ಬಲಗೈಯಲ್ಲಿ ಮಾತ್ರ ಒಂದು ರೌಂಡ್ ಶ್ಯಾಡೋ (ಗಾಳಿಗೆ ಪಂಚ್ ಹಾಕುವ ಅಭ್ಯಾಸ) ಮಾಡಿ. ಅದು ಕೆಳಗೆ ಬಿದ್ದಾಗಲೆಲ್ಲ ಒಂದು ಏಟು ತಿಂದಿರಿ ಎಂದೇ ಲೆಕ್ಕ.

ಬದಲಾಗಬೇಕೆಂದು ಬದಲಾಗಬೇಡಿ. ಎರಡೂ ನಿಲುವಿನಲ್ಲಿ ಪಳಗಿದ್ದ ಮಾರ್ವಿನ್ ಹ್ಯಾಗ್ಲರ್ 1987ರಲ್ಲಿ ಶುಗರ್ ರೇ ಲೆನಾರ್ಡ್ ಎದುರು ತಮ್ಮ ಸೌತ್‌ಪಾ ಬಿಟ್ಟು ಆರ್ಥೊಡಾಕ್ಸ್‌ನಲ್ಲಿ ಶುರು ಮಾಡಿದರು. ಮೊದಲ ರೌಂಡ್‌ಗಳು ಕೈಬಿಟ್ಟುಹೋದವು. ತೀರ್ಪುಗಾರರ ಒಡೆದ ತೀರ್ಪಿನಲ್ಲಿ ಪಟ್ಟವೂ ಹೋಯಿತು. ಟೆರೆನ್ಸ್ ಕ್ರಾಫರ್ಡ್ ಬಲಗೈಯವರು, ಯಾವ ನಿಲುವಾದರೂ ಸರಿ ಅನ್ನುವಂಥವರು. ಆದರೂ 2023ರಲ್ಲಿ ಎರಾಲ್ ಸ್ಪೆನ್ಸ್ ಎದುರು ಹೆಚ್ಚಾಗಿ ಸೌತ್‌ಪಾನಲ್ಲೇ ಉಳಿದು ಒಂಬತ್ತನೇ ರೌಂಡ್‌ನಲ್ಲಿ ಪಂದ್ಯ ಮುಗಿಸಿದರು. ನಡೆಯುತ್ತಿರುವುದನ್ನು ಕೆಡಿಸುವುದೇಕೆ?

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಊಟವೊಂದು ಬಿಟ್ಟು ಎಲ್ಲಕ್ಕೂ ಎಡಗೈ. ಕೋಚ್ ಅವಳನ್ನು ಎಲ್ಲರಂತೆ ಎಡಗಾಲು ಮುಂದಿಟ್ಟೇ ನಿಲ್ಲಿಸುತ್ತಾರೆ. ಇದು ಸರಿಯೇ?
— ಓದುಗರು, ಚಿಂತಾಮಣಿ

ಉತ್ತರ: ತಪ್ಪೆನ್ನಲಾಗದು. ಎಡಗೈಯವರು ಆರ್ಥೊಡಾಕ್ಸ್‌ನಲ್ಲಿ ನಿಂತರೆ ಜೋರಾದ ಕೈ ಮುಂದಿರುತ್ತದೆ, ಜ್ಯಾಬ್ ಮತ್ತು ಹುಕ್‌ಗೆ ತೂಕ ಬರುತ್ತದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಆಸ್ಕರ್ ಡಿ ಲಾ ಹೋಯಾ ಹೀಗೇ ಆಡಿದವರು. ಆದರೆ ಸೌತ್‌ಪಾ ಆಟಗಾರರು ಕಡಿಮೆ. ಸೌತ್‌ಪಾ ನಿಂತರೆ ಅವಳಿಗೆ ದಿನವೂ ಆರ್ಥೊಡಾಕ್ಸ್‌ನವರೇ ಸಿಗುತ್ತಾರೆ, ಅವರಿಗೆ ಅವಳಂಥವರು ಅಪರೂಪ. ಈ ಅನುಕೂಲ ಸುಮ್ಮನೆ ಬಿಟ್ಟುಕೊಡುವಂಥದ್ದಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಒಂದು ಪರೀಕ್ಷೆ ಮಾಡಿ: ಹಿಂದಿನಿಂದ ಮೆಲ್ಲಗೆ ಭುಜ ತಳ್ಳಿದಾಗ ಯಾವ ಕಾಲು ಮುಂದೆ ಹಾಕುತ್ತಾಳೆ, ಚೆಂಡನ್ನು ಯಾವ ಕಾಲಲ್ಲಿ ಒದೆಯುತ್ತಾಳೆ, ನಾಲ್ಕಾರು ಸಲ ನೋಡಿ ಕೋಚ್‌ಗೆ ತಿಳಿಸಿ. ಯಾವುದೇ ಆಗಲಿ, ಮೊದಲ ಒಂದು ವರ್ಷ ಒಂದೇ ನಿಲುವು ಇರಲಿ. ಎರಡನ್ನೂ ಒಟ್ಟಿಗೆ ಕಲಿಸಿದರೆ ಎರಡೂ ಅರೆಬರೆಯಾಗುತ್ತವೆ.

ಪ್ರಶ್ನೆ: ಸೌತ್‌ಪಾ ನಿಂತಾಗಲೆಲ್ಲ ಬಲಪಕ್ಕೆಗೇ ಏಟು ಬಿದ್ದು ಉಸಿರು ಕಟ್ಟುತ್ತದೆ.
— ಓದುಗ, ಮಾಲೂರು

ಉತ್ತರ: ಲಿವರ್ ಇರುವುದು ಬಲಗಡೆ, ಪಕ್ಕೆಲುಬಿನ ಅಡಿ. ಆರ್ಥೊಡಾಕ್ಸ್‌ನಲ್ಲಿ ಅದು ಹಿಂದೆ ಅಡಗಿರುತ್ತದೆ. ಸೌತ್‌ಪಾನಲ್ಲಿ ಮುಂದಕ್ಕೆ ಬಂದು ಎದುರಾಳಿಯ ಎಡಗೈ ಹುಕ್‌ಗೆ ಹತ್ತಿರವಾಗುತ್ತದೆ. ಬಲಗೈ ಜ್ಯಾಬ್ ಹಾಕುವಾಗ ಮೊಣಕೈ ಹೊರಕ್ಕೆ ಚಾಚದಿರಲಿ, ಹೋದ ದಾರಿಯಲ್ಲೇ ನೇರ ವಾಪಸ್ ಬಂದು ಪಕ್ಕೆಗೆ ಅಂಟಲಿ. ಎರಡು ಜ್ಯಾಬ್ ಹಾಕಿ ಅಲ್ಲೇ ನಿಲ್ಲಬೇಡಿ.

ಪ್ರಶ್ನೆ: ಗೋಣಿಚೀಲಕ್ಕೆ ಮರಳು ತುಂಬಿ ಮನೆ ಹಿಂದೆ ನೇತುಹಾಕಿದ್ದೇನೆ. ಸೌತ್‌ಪಾ ಅಭ್ಯಾಸ ಶುರು ಮಾಡಿದ ಮೇಲೆ ಎಡ ಮಣಿಕಟ್ಟು ನೋಯುತ್ತಿದೆ.
— ಓದುಗ, ಶಿಡ್ಲಘಟ್ಟ

ಉತ್ತರ: ಮೊದಲು ಆ ಮರಳು ಸುರಿಯಿರಿ. ಮರಳು ಕೆಳಗಿಳಿದು ಕಲ್ಲಾಗುತ್ತದೆ. ದರ್ಜಿ ಅಂಗಡಿಯಿಂದ ಚಿಂದಿ ಬಟ್ಟೆ ತಂದು, ಗುಂಡಿ, ಜಿಪ್ ಕಿತ್ತು, ಒಂದೊಂದು ಗೇಣಿಗೂ ತುಳಿದು ಒತ್ತುತ್ತಾ ತುಂಬಿ. ತೂಕ ನಿಮ್ಮ ಮೈತೂಕದ ಅರ್ಧದಷ್ಟಿದ್ದರೆ ಸಾಕು. ಜ್ಯಾಬ್‌ಗೆ ಒಗ್ಗಿದ ನಿಮ್ಮ ಎಡಗೈಗೆ ಈಗ ಸೊಂಟ ತಿರುಗಿಸಿದ ಪೂರ್ತಿ ಭಾರ ಬೀಳುತ್ತಿದೆ. ಮಣಿಕಟ್ಟು ಒಳಕ್ಕೆ ಮಡಚಿಕೊಳ್ಳುತ್ತಿದೆ. ತೋರುಬೆರಳು, ನಡುಬೆರಳಿನ ಗೆಣ್ಣು ಮೊದಲು ತಾಗಬೇಕು, ಆ ಗೆಣ್ಣು ಮತ್ತು ಮುಂಗೈ ಒಂದೇ ಸಾಲಿನಲ್ಲಿರಬೇಕು. ನಾಲ್ಕೂವರೆ ಮೀಟರಿನ ಪಟ್ಟಿ ತೆಗೆದುಕೊಂಡು ಮಣಿಕಟ್ಟಿಗೇ ಮೂರು ಸುತ್ತು ಹಾಕಿ, ಆಮೇಲೆ ಗೆಣ್ಣಿಗೆ ಬನ್ನಿ. ನೋವು ಪೂರ್ತಿ ಹೋಗುವವರೆಗೆ ಎಡಗೈ ಪಂಚ್ ಗಾಳಿಗಷ್ಟೇ ಇರಲಿ, ಚೀಲಕ್ಕೆ ಬೇಡ. ಊತ ಇದ್ದರೆ ಎಕ್ಸ್‌ರೇ ತೆಗೆಸಿ.

ಪ್ರಶ್ನೆ: ಅಂತರಗಂಗೆ ಮೆಟ್ಟಿಲು ಓಡಿ ಹತ್ತಿದರೆ ನಿಲುವು ಬದಲಿಸಲು ಅನುಕೂಲವೇ? ಎಡ ಮೀನಖಂಡ ಬೇರೆ ಹಿಡಿದುಕೊಳ್ಳುತ್ತಿದೆ.
— ಓದುಗ, ಕೋಲಾರ

ಉತ್ತರ: ಕಾಲಿಗೆ ಕಸುವು ಬರುತ್ತದೆ, ನಿಲುವು ಬರುವುದಿಲ್ಲ. ಸೌತ್‌ಪಾನಲ್ಲಿ ಎಡ ಹಿಮ್ಮಡಿ ಎತ್ತಿದಂತೆಯೇ ಇರುವುದರಿಂದ ಆ ಮೀನಖಂಡಕ್ಕೆ ಹೊಸ ಕೆಲಸ ಬಿದ್ದಿದೆ. ಸೌತ್‌ಪಾ ಅಭ್ಯಾಸ ಮಾಡಿದ ದಿನ ಮೆಟ್ಟಿಲು ಬೇಡ. ವಾರಕ್ಕೆರಡು ದಿನ ಹತ್ತಿ, ಇಳಿಯುವಾಗ ನಡೆದೇ ಇಳಿಯಿರಿ. ಮನೆಯಲ್ಲಿ ಒಂದು ಮೆಟ್ಟಿಲಂಚಿಗೆ ಮುಂಗಾಲು ಊರಿ, ಹಿಮ್ಮಡಿಯನ್ನು ಮೂರು ಎಣಿಸುವಷ್ಟು ನಿಧಾನಕ್ಕೆ ಇಳಿಸಿ ಏರಿಸಿ. ಹನ್ನೆರಡು ಸಲ, ಎರಡು ಸುತ್ತು, ಎರಡೂ ಕಾಲಿಗೆ. ಹಿಮ್ಮಡಿಯ ಮೇಲಿನ ನರ ಬೆಳಿಗ್ಗೆ ಎದ್ದಾಗ ಬಿಗಿದು ನೋಯುತ್ತಿದ್ದರೆ ಸ್ಕಿಪ್ಪಿಂಗನ್ನೂ ಒಂದು ವಾರ ನಿಲ್ಲಿಸಿ.