6 ವರ್ಷದ ಮಗು ಬರ್ತ್‌ಡೇಗೆ ಮನೇಲೇ ಜಂಗಲ್ ಥೀಮ್ ಪಾರ್ಟಿ ಹೇಗೆ ಮಾಡೋದು?

ಜಂಗಲ್ ಅಂದ ತಕ್ಷಣ ಅಂಗಡೀಲಿ ಸಿಂಹ, ಜಿರಾಫೆ, ಜೀಬ್ರಾ ಇರೋ ಸೆಟ್ಟೇ ಕೊಡ್ತಾರೆ, ಅದರ ಬದ್ಲು ನಮ್ಮ ಬಂಡೀಪುರ, ನಾಗರಹೊಳೆ ಕಾಡನ್ನೇ ಥೀಮ್ ಮಾಡ್ಕೊಳ್ಳಿ, ಆನೆ, ಹುಲಿ, ಕಾಟಿ, ಸೀಳುನಾಯಿ, ನವಿಲು ಇಷ್ಟಿದ್ರೆ ಸಾಕು, ಮುಂದೆ ಸಫಾರಿಗೆ ಹೋದಾಗ ಮಕ್ಳು ತಾವೇ ಗುರುತು ಹಿಡೀತಾರೆ. ಡೆಕೋರೇಷನ್‌ಗೆ ಬಾಳೆಕಂದು, ತೆಂಗಿನ ಗರಿ, ಹಳೇ ಹಸಿರು ಸೀರೆ. ಬಲೂನ್ ಆದಷ್ಟು ಕಡಿಮೆ ಇಡಿ, ಒಡೆದ ಚೂರು ಪುಟ್ಟ ಮಕ್ಳ ಗಂಟಲಲ್ಲಿ ಸಿಕ್ಕಿಕೊಂಡ್ರೆ ತುಂಬಾ ಡೇಂಜರ್.

ನಿಜವಾದ ಮಜಾ ಇರೋದು ಆಟದಲ್ಲಿ. ಅಂಗಳದಲ್ಲೋ ಟೆರೇಸಲ್ಲೋ ಚಾಕ್‌ಪೀಸಲ್ಲಿ ಹೆಜ್ಜೆ ಗುರುತು ಬರೆದು ಯಾವ ಪ್ರಾಣಿ ಅಂತ ಹುಡುಕ್ಸಿ. ಹುಲಿ ನಡೆಯುವಾಗ ಉಗುರು ಒಳಗೆ ಎಳ್ಕೊಂಡಿರತ್ತೆ, ಅದಕ್ಕೆ ಅದರ ಹೆಜ್ಜೇಲಿ ಉಗುರು ಕಾಣಲ್ಲ, ಸೀಳುನಾಯಿದ್ರಲ್ಲಿ ಕಾಣತ್ತೆ, ಇದನ್ನ ಒಂದ್ಸಲ ಹೇಳ್ಕೊಟ್ರೆ ಸಾಕು. ಇನ್ನೊಂದು, ಆನೆ ಮುಂಗಾಲಿನ ಹೆಜ್ಜೆ ಸುತ್ತಳತೆಯ ಎರಡರಷ್ಟು ಅಂದ್ರೆ ಹೆಚ್ಚುಕಮ್ಮಿ ಅದರ ಭುಜದ ಎತ್ತರ, 4 ಅಡಿ ಸುತ್ತಳತೆ ಇರೋ ಹೆಜ್ಜೆ ಬರೆದು ಮಕ್ಳ ಕೈಲೇ ದಾರದಲ್ಲಿ ಅಳತೆ ಮಾಡ್ಸಿ, ಆಮೇಲೆ ಗೋಡೆ ಮೇಲೆ 8 ಅಡಿಗೆ ಗೆರೆ ಎಳೆದು ತೋರ್ಸಿ, ಬಾಯಿ ಬಿಟ್ಕೊಂಡು ನೋಡ್ತಾರೆ!

ಊಟಕ್ಕೆ ಅಡಿಕೆ ಹಾಳೆ ತಟ್ಟೇಲಿ ಚಿತ್ರಾನ್ನ, ಹಣ್ಣು, ಕೇಕ್ ಸಾಕು, ಆದ್ರೆ ಕಡಲೆಬೀಜ ಹಾಕೋ ಮುಂಚೆ ಯಾರಿಗಾದ್ರೂ ಅಲರ್ಜಿ ಇದ್ಯಾ ಅಂತ ಅಪ್ಪ ಅಮ್ಮಂದಿರನ್ನ ಕೇಳ್ಲೇಬೇಕು. ರಿಟರ್ನ್ ಗಿಫ್ಟ್‌ಗೆ ಪ್ಲಾಸ್ಟಿಕ್ ಗೊಂಬೆ ಬದ್ಲು ಚಿಕ್ಕ ಕುಂಡದಲ್ಲಿ ತುಳಸಿ ಸಸಿ ಕೊಡಿ.